ಆಕಾಶವಾಣಿಯಲ್ಲಿ ಹಾಡಿದರೆ ತಿಂಗಳ ಸಂಬಳ ಸಿಗುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

"ಆಕಾಶವಾಣಿಗೆ ಗಾಯಕರು ಬೇಕಾಗಿದ್ದಾರೆ. ತಿಂಗಳ ಸಂಬಳ. ನೋಂದಣಿ ಶುಲ್ಕವನ್ನು ಈ ನಂಬರಿಗೆ ಕಳಿಸಿ." ಈ ಥರದ ಸಂದೇಶ ನಿಮ್ಮೂರ ಭಜನಾ ಮಂಡಳಿಯ ವಾಟ್ಸಾಪ್ ಗ್ರೂಪಿಗೆ ಬಂದರೆ ಏನು ಮಾಡಬೇಕು? ಹಾಡಿ ಹಣ ಪಡೆಯುವ ದಾರಿ ಆಕಾಶವಾಣಿಯಲ್ಲಿ ನಿಜವಾಗಿಯೂ ಇದೆ. ಆದರೆ ಅದು ಯಾರದೋ ಮೊಬೈಲ್ ನಂಬರಿನ ಮೂಲಕ ಹೋಗುವುದಿಲ್ಲ.

ನಂಬಿಕೆ 1: ಆಯ್ಕೆಯಾದರೆ ಸರ್ಕಾರಿ ನೌಕರಿ

ಇಲ್ಲ. ಧ್ವನಿ ಪರೀಕ್ಷೆಯಲ್ಲಿ ಪಾಸಾದವರಿಗೆ ಸಿಗುವುದು ಗ್ರೇಡ್: ಬಿ, ಬಿ-ಹೈ, ಎ, ಟಾಪ್. ಕಾರ್ಯಕ್ರಮಕ್ಕೆ ಕರೆದಾಗ ಒಪ್ಪಂದ ಪತ್ರ ಬರುತ್ತದೆ, ಹಾಡಿದ್ದಕ್ಕೆ ಗ್ರೇಡಿಗೆ ತಕ್ಕ ಸಂಭಾವನೆ ಸಿಗುತ್ತದೆ. ಸಂಬಳ ಪಡೆಯುವ 'ನಿಲಯದ ಕಲಾವಿದರು' ಬೇರೆ. ಆ ಹುದ್ದೆಗಳಿಗೆ ಅಧಿಕೃತ ಪ್ರಕಟಣೆ ಹೊರಡಬೇಕು.

ನಂಬಿಕೆ 2: ಶಿಫಾರಸು ಇಲ್ಲದೆ ಆಗುವುದಿಲ್ಲ

ಈ ಪರೀಕ್ಷೆ ಹುಟ್ಟಿದ್ದೇ ಶಿಫಾರಸು ತಪ್ಪಿಸಲು. 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಇದು ಬಿಗಿಯಾಯಿತು. ಹಾಡುವವರ ಮುಖ ತೀರ್ಪುಗಾರರಿಗೆ ಕಾಣಬಾರದು, ಹೆಸರು ತಿಳಿಯಬಾರದು, ದನಿ ಮಾತ್ರ ಕೇಳಬೇಕು ಎಂಬುದು ಇದರ ತಿರುಳು. ಹೆಸರು ಮಾಡಿದವರೂ ಪರೀಕ್ಷೆಗೆ ಕೂರಬೇಕೇ ಎಂದು ಆಗ ಹಲವು ಕಲಾವಿದರು ವಿರೋಧಿಸಿದ್ದರು. ಶಾಸ್ತ್ರೀಯ ಸಂಗೀತದಲ್ಲಿ ಇಂದಿಗೂ ಎರಡು ಹಂತವಿದೆ: ಮೊದಲು ಸ್ಥಳೀಯ ಸಮಿತಿ ಕೇಳುತ್ತದೆ, ನಂತರ ಧ್ವನಿಮುದ್ರಣ ದೆಹಲಿಯ ಮಂಡಳಿಗೆ ಹೋಗುತ್ತದೆ.

ನಂಬಿಕೆ 3: ರಾಗ-ತಾಳ ಕಲಿತವರಿಗೆ ಮಾತ್ರ ಅವಕಾಶ

ಹಿಂದೂಸ್ತಾನಿ, ಕರ್ನಾಟಕ ಸಂಗೀತದ ಜೊತೆಗೆ ಸುಗಮ ಸಂಗೀತ, ಜಾನಪದ ವಿಭಾಗಗಳೂ ಇವೆ. ತತ್ವಪದ, ಗೀಗೀ ಪದ, ಸೋಬಾನೆ ಹಾಡುವವರಿಗೆ ಜಾನಪದವೇ ಸರಿಯಾದ ಬಾಗಿಲು. ಆದರೆ ಒಂದು ಎಚ್ಚರ: ಸುಗಮ ಸಂಗೀತದ ಪರೀಕ್ಷೆಯಲ್ಲಿ ಸಿನಿಮಾ ಹಾಡು ನಡೆಯುವುದಿಲ್ಲ. ಕರೋಕೆಯಲ್ಲಿ ಚೆನ್ನಾಗಿ ಹಾಡುವವರು ಎಡವುವುದು ಇಲ್ಲೇ. ಕವಿಗಳ ಭಾವಗೀತೆ, ವಚನ, ದಾಸರ ಪದಗಳನ್ನು ಶ್ರುತಿ, ತಾಳ ತಪ್ಪದೆ ಹಾಡಲು ಅಭ್ಯಾಸ ಮಾಡಿ.

ಬೇರೆ ಕಡೆ ಹೇಗೆ?

ಇಂಗ್ಲೆಂಡಿನ ಹಲವು ಕೆಥೆಡ್ರಲ್‌ಗಳಲ್ಲಿ, ಅಂದರೆ ಬಿಷಪ್ ಪೀಠವಿರುವ ದೊಡ್ಡ ಚರ್ಚ್‌ಗಳಲ್ಲಿ, 'ಲೇ ಕ್ಲರ್ಕ್' ಎಂಬ ಸಂಬಳದ ಗಾಯಕರಿದ್ದಾರೆ. ಸಂಜೆಯ ಪ್ರಾರ್ಥನೆಯಲ್ಲಿ ವಾರದಲ್ಲಿ ಹಲವು ದಿನ ಹಾಡುವುದು ಅವರ ಕೆಲಸ. ಅಲ್ಲೂ ಹಾಡಿಸಿ ನೋಡಿಯೇ ತೆಗೆದುಕೊಳ್ಳುತ್ತಾರೆ. ಮೊದಲ ಸಲ ಕಂಡ ಸ್ವರಲಿಪಿಯನ್ನು ಅಲ್ಲೇ ಓದಿ ಹಾಡಬೇಕು. ಆ ಸಂಬಳವೊಂದರಲ್ಲೇ ಮನೆ ನಡೆಯದೆ ಬೇರೆ ಉದ್ಯೋಗ ಮಾಡುವವರೂ ಅವರಲ್ಲಿ ಬಹಳ. ನಮ್ಮ ಕಡೆಯ ಚರ್ಚ್ ಗಾಯನ ತಂಡಗಳಲ್ಲಾಗಲಿ, ಮಠ-ಗುಡಿಗಳ ಭಜನೆಯಲ್ಲಾಗಲಿ ಹಾಡುವುದು ಸಾಮಾನ್ಯವಾಗಿ ಸೇವೆ. ಹಾಗಾಗಿ ಇಲ್ಲಿಯ ಹಾಡುಗಾರರಿಗೆ, ಪರೀಕ್ಷೆ ಮಾಡಿ ಗುರುತಿಸಿ ಹಣ ಕೊಡುವ ಸಂಸ್ಥೆಗಳಲ್ಲಿ ಆಕಾಶವಾಣಿ ಮುಖ್ಯವಾದದ್ದು. ಧಾರವಾಡ ಕೇಂದ್ರ 1950ರ ಜನವರಿ 8ರಂದು ಆರಂಭವಾಯಿತು. ಮಲ್ಲಿಕಾರ್ಜುನ ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು.

ಏನು ಮಾಡಬೇಕು?

• ಹತ್ತಿರದ ಆಕಾಶವಾಣಿ ಕೇಂದ್ರಕ್ಕೆ ನೀವೇ ಹೋಗಿ ವಿಚಾರಿಸಿ. ಝಳಕಿ, ಇಂಡಿ, ಸಿಂದಗಿ ಕಡೆಯವರಿಗೆ ವಿಜಯಪುರ ಹತ್ತಿರ. ನಿಮ್ಮ ವಿಭಾಗದ ಪರೀಕ್ಷೆ ಯಾವ ಕೇಂದ್ರದಲ್ಲಿ, ಯಾವಾಗ ಎಂದು ಅಲ್ಲೇ ಕೇಳಿ.
• ಅರ್ಜಿ, ವಯಸ್ಸು, ಶುಲ್ಕದ ನಿಯಮಗಳನ್ನು ಕೇಂದ್ರದಿಂದಲೇ ತಿಳಿದುಕೊಳ್ಳಿ. ಶುಲ್ಕ ಕಟ್ಟಿದರೆ ರಸೀದಿ ಪಡೆಯಿರಿ.
• ಒಮ್ಮೆ ಆಗದಿದ್ದರೆ ನಿಗದಿತ ಅವಧಿಯ ನಂತರ ಮತ್ತೆ ಅರ್ಜಿ ಹಾಕಬಹುದು.
• "ಗ್ರೇಡ್ ಕೊಡಿಸುತ್ತೇನೆ" ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ.

ಚೆನ್ನಾಗಿ ಹಾಡುವವರು ನಿಮ್ಮ ಗ್ರೂಪಿನಲ್ಲಿದ್ದರೆ ಅವರಿಗೆ ಆ ಸಂದೇಶದ ಬದಲು ಇದನ್ನು ಕಳಿಸಿ.