ಗಣಕದ ಮಿದುಳು ಹುಟ್ಟಿದ ಬಗೆ

ಅಡಯಾರಿನಿಂದ ಗಿಂಡಿಗೆ ಹೋಗುವ ಸರ್ದಾರ್ ಪಟೇಲ್ ರಸ್ತೆಯಲ್ಲಿ ಐ.ಐ.ಟಿ.ಯ ಕಾಡನ್ನು ಕಾಣದ ಚೆನ್ನೈ ಕನ್ನಡಿಗರು ವಿರಳ. ಆ ಆವರಣದೊಳಗೆ ‘ಶಕ್ತಿ’ ಎಂಬ ಪ್ರೊಸೆಸರು, ಎಂದರೆ ಗಣಕದ ಮಿದುಳು, ರೂಪುಗೊಂಡಿತೆಂಬುದನ್ನು ಬಲ್ಲವರು ಮಾತ್ರ ಕೆಲವರೇ. ಇಂಥ ಸಾಹಸಕ್ಕೆ ನಮ್ಮ ಬೆಂಗಳೂರಿನಲ್ಲಿ ಒಂದು ಪೂರ್ವಕಥೆಯುಂಟು.

೧೯೮೦ರ ದಶಕದಲ್ಲಿ ಅಮೆರಿಕವು ತನ್ನ ಮಹಾಗಣಕಗಳನ್ನು ನಮಗೆ ಸುಲಭವಾಗಿ ಮಾರುತ್ತಿರಲಿಲ್ಲ. ವಿಮಾನದ ಸುತ್ತ ಗಾಳಿ ಹರಿಯುವ ಪರಿಯನ್ನು ಗುಣಿಸಲು ಅವು ಬೇಕೇ ಬೇಕು. ಆಗ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, ಯು.ಎನ್. ಸಿನ್ಹಾ ಅವರ ತಂಡವು ನಾಲ್ಕು ಸಾಧಾರಣ ಪ್ರೊಸೆಸರುಗಳನ್ನು ಒಂದುಗೂಡಿಸಿ ೧೯೮೬ರಲ್ಲಿ ‘ಫ್ಲೋಸಾಲ್ವರ್’ ಯಂತ್ರವನ್ನು ನಿರ್ಮಿಸಿತು. ಒಬ್ಬ ಬಲಾಢ್ಯನ ಕೆಲಸವನ್ನು ನಾಲ್ವರು ಹಂಚಿಕೊಂಡಂತಾಯಿತು.

ಆದರೆ ಹಲವು ಪ್ರೊಸೆಸರುಗಳು ಒಂದೇ ಸ್ಮೃತಿಕೋಶವನ್ನು ಬಳಸುವಾಗ ತೊಡಕೊಂದು ಹುಟ್ಟುತ್ತದೆ. ಬ್ಯಾಂಕಿನಲ್ಲಿ ದುಡಿಯುವ ನಮ್ಮಂಥವರಿಗೆ ಅದು ಬೇಗ ಅರ್ಥವಾದೀತು. ಒಂದೇ ಲೆಡ್ಜರಿನ ಪುಟವನ್ನು ಇಬ್ಬರು ಗುಮಾಸ್ತರು ನಕಲು ಮಾಡಿಕೊಂಡು, ೧೦೦೦ ರೂಪಾಯಿ ಶಿಲ್ಕಿನಿಂದ ಒಬ್ಬನು ೮೦೦, ಇನ್ನೊಬ್ಬನು ೭೦೦ ಪಾವತಿ ಮಾಡಿದರೆ ಗತಿಯೇನು? ಪ್ರೊಸೆಸರುಗಳೂ ವೇಗಕ್ಕಾಗಿ ಇಂಥ ನಕಲನ್ನು ಬಳಿಯಲ್ಲಿಟ್ಟುಕೊಳ್ಳುತ್ತವೆ. ಒಂದು ತಿದ್ದಿದೊಡನೆ ಉಳಿದವುಗಳ ನಕಲು ರದ್ದಾಗಬೇಕು. ಈ ಕಟ್ಟಳೆ ಎಲ್ಲೋ ಒಮ್ಮೆ ತಪ್ಪಿದರೂ ಲೆಕ್ಕವೆಲ್ಲ ಸುಳ್ಳು.

ಸಿಲಿಕಾನಿನಲ್ಲಿ ಅಚ್ಚಾದ ತಪ್ಪನ್ನು ಅಳಿಸಿ ಬರೆಯಲಾಗದು. ಆದಕಾರಣ ಇನ್ನೂ ಹುಟ್ಟದ ಪ್ರೊಸೆಸರನ್ನು ಬೇರೊಂದು ಗಣಕದಲ್ಲಿ ಪ್ರೋಗ್ರಾಮಿನ ರೂಪದಲ್ಲಿ ನಡೆಸಿ, ಹೆಜ್ಜೆ ಹೆಜ್ಜೆಗೂ ಪರೀಕ್ಷಿಸುತ್ತಾರೆ. ಇದೇ ಸಿಮ್ಯುಲೇಷನ್, ಅಂದರೆ ಅನುಕರಣೆ. ಕ್ಷಣದ ಕೆಲಸಕ್ಕೆ ಇಲ್ಲಿ ಗಂಟೆಗಳೇ ಹಿಡಿಯಬಹುದು. ಆದರೂ ಇದೇ ಅಗ್ಗದ ದಾರಿ.

ಪ್ರೊ. ವಿ. ಕಾಮಕೋಟಿಯವರ ನೇತೃತ್ವದ ‘ಶಕ್ತಿ’ಯೂ ಇಂಥ ಪರೀಕ್ಷೆಗಳನ್ನು ದಾಟಿಯೇ ೨೦೧೮ರಲ್ಲಿ ಚಿಪ್ಪಾಯಿತು. ಒಂದು ಚಿಪ್ಪು ಅಮೆರಿಕದ ಇಂಟೆಲ್ ಕಾರ್ಖಾನೆಯಲ್ಲಿ, ಮತ್ತೊಂದು ನಮ್ಮದೇ ಚಂಡೀಗಢದ ಪ್ರಯೋಗಾಲಯದಲ್ಲಿ ತಯಾರಾದುವು. ೨೦೨೫ರಲ್ಲಿ ಇಸ್ರೋ ಸಹಯೋಗದ ‘ಐರಿಸ್’ ಬಂದಿತು. ಅದು ಅಚ್ಚಾದುದು ಚಂಡೀಗಢದಲ್ಲಿ, ಕವಚ ತೊಟ್ಟುದು ಕರ್ನಾಟಕದಲ್ಲಿ, ಮದರ್‌ಬೋರ್ಡಿನ ಜೋಡಣೆ ಹಾಗೂ ಮೊದಲ ಚಾಲನೆ ಚೆನ್ನೈಯಲ್ಲಿ.

ಕಾವೇರಿಯ ವ್ಯಾಜ್ಯ ಬಂದಾಗಲೆಲ್ಲ ನಮ್ಮ ಎರಡು ನಾಡುಗಳ ಹೆಸರು ಪತ್ರಿಕೆಗಳಲ್ಲಿ ಎದುರುಬದುರಾಗಿ ನಿಲ್ಲುತ್ತವೆ. ಇಲ್ಲಿ ಬಾಳುವ ನಮಗೆ ಆ ದಿನಗಳ ಕಳವಳ ಗೊತ್ತು. ಈ ಚಿಪ್ಪಿನಲ್ಲಿಯಾದರೋ ಎರಡು ನಾಡುಗಳ ಕೈಗಳೂ ಸೇರಿವೆ. ‘ಶಕ್ತಿ’ಯ ವಿನ್ಯಾಸವನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ನಮ್ಮ ಮಕ್ಕಳು ಅದನ್ನು ಓದಿ, ಮನೆಯ ಗಣಕದಲ್ಲೇ ಅನುಕರಿಸಿ ನೋಡಲೆಂಬುದು ಈ ರಾಜ್ಯೋತ್ಸವದಂದು ನಮ್ಮ ಹಾರೈಕೆ.