ಹದಿನಾಲ್ಕು ದಿನದ ಲೆಕ್ಕ: ಕತ್ತಿನ ಧಮನಿ, ಕತ್ತರಿ, ಸ್ಟೆಂಟ್ ಮತ್ತು ಕೊಡೇಕಲ್ ಸೀಮೆ

ಗಂಟಲುಮಣಿಯ ಮೇಲಂಚಿನ ಎತ್ತರದಲ್ಲಿ, ಕತ್ತಿನ ಎಡಕ್ಕೂ ಬಲಕ್ಕೂ, ಕೆರೋಟಿಡ್ ಧಮನಿ ಎರಡು ಕವಲಾಗುತ್ತದೆ. ಒಂದು ಮುಖಕ್ಕೆ ಹೋಗುತ್ತದೆ, ಇನ್ನೊಂದು ಮೆದುಳಿಗೆ. ಕೊಬ್ಬೂ ಸುಣ್ಣವೂ ಸೇರಿದ ಜಿಡ್ಡು ಹೆಚ್ಚಾಗಿ ಕಟ್ಟುವುದು ಈ ಕವಲಿನಲ್ಲೇ. ಅದರ ಮೇಲೆ ಹೆಪ್ಪುಗಟ್ಟಿದ ರಕ್ತದ ಚೂರು ಕಿತ್ತು ಮೇಲೆ ಹೋದರೆ ಲಕ್ವ. ಈ ಜಿಡ್ಡನ್ನು ಕೊಯ್ದು ತೆಗೆಯಬೇಕೋ ಸ್ಟೆಂಟ್ ಹಾಕಿ ಒತ್ತರಿಸಬೇಕೋ ಎಂಬ ವಾದ ವೈದ್ಯಕೀಯ ಪತ್ರಿಕೆಗಳಲ್ಲಿ ದಶಕಗಳಿಂದ ನಡೆದಿದೆ. ಯಾದಗಿರಿ ಜಿಲ್ಲೆಯ ಹುಣಸಗಿ ತಾಲ್ಲೂಕಿನ ಕೊಡೇಕಲ್ ಹೋಬಳಿಯಲ್ಲಿ ನಿಂತು ನೋಡಿದರೆ ಆ ಪ್ರಶ್ನೆ ಎರಡನೆಯದು. ಮೊದಲನೆಯದು ತಾರೀಖಿನ ಪ್ರಶ್ನೆ: ಲಕ್ಷಣ ಕಂಡು ಎಷ್ಟು ದಿನವಾಯಿತು?

ಪೂರ್ತಿ ಲಕ್ವ ಹೊಡೆಯುವ ಮುಂಚೆ ಹಲವರಿಗೆ ಅದರ ಮುನ್ಸೂಚನೆ ಬಂದು ಹೋಗಿರುತ್ತದೆ. ಹತ್ತಿ ಬಿಡಿಸುವಾಗ ಕೈ ಸೋಲುತ್ತದೆ, ಮಾತು ತೊದಲುತ್ತದೆ, ಬಾಯಿ ಒಂದು ಕಡೆ ಎಳೆಯುತ್ತದೆ. ಹತ್ತಿಪ್ಪತ್ತು ನಿಮಿಷಕ್ಕೆ ಎಲ್ಲ ಸರಿ. ಇಲ್ಲವೆ ಒಂದೇ ಕಣ್ಣಿನ ಮೇಲೆ ಪರದೆ ಇಳಿದಂತಾಗಿ ಮತ್ತೆ ಸರಿಯುತ್ತದೆ. ನೋವಿಲ್ಲ, ಜ್ವರವಿಲ್ಲ. 'ಈಗ ಆರಾಮ ಆಗ್ಯಾದ' ಎಂದು ಹೇಳಿ, ಬಿಸಿಲಿನ ಮೇಲೆ ತಪ್ಪು ಹೊರಿಸಿ, ಹೆಚ್ಚೆಂದರೆ ಒಂದು ಬಾಟ್ಲಿ ಸಲಾಯನ್ ಹಚ್ಚಿಸಿಕೊಂಡು ಮನೆಗೆ ಹೋಗುವುದು ಈ ಸೀಮೆಯಲ್ಲಷ್ಟೇ ಅಲ್ಲ, ಎಲ್ಲ ಕಡೆಯ ವಾಡಿಕೆ. ಕೈ ಪೂರ್ತಿ ಬಿದ್ದವನನ್ನು ಊರೇ ಸೇರಿ ಜೀಪಿಗೆ ಹಾಕುತ್ತದೆ. ಬಂದು ಹೋದ ಲಕ್ವಕ್ಕೆ ಯಾರೂ ಜೀಪು ತರುವುದಿಲ್ಲ. ಶಸ್ತ್ರಚಿಕಿತ್ಸೆಯಿಂದ ಅತಿ ಹೆಚ್ಚು ಪ್ರಯೋಜನ ಇರುವುದು ಈ ಎರಡನೆಯವನಿಗೆ.

ಇದಕ್ಕೆ ಆಧಾರ ಗಟ್ಟಿಯಾಗಿದೆ. ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳು ಸೇರಿ ನಡೆಸಿದ ನ್ಯಾಸೆಟ್ ಪ್ರಯೋಗದ ಮೊದಲ ಫಲಿತಾಂಶ ಬಂದದ್ದು 1991ರಲ್ಲಿ. ಲಕ್ಷಣ ಕಂಡವರಲ್ಲಿ, ಧಮನಿ ಶೇ. 70ರಿಂದ 99ರಷ್ಟು ಕಿರಿದಾಗಿದ್ದರೆ, ಎರಡು ವರ್ಷದೊಳಗೆ ಅದೇ ಬದಿಯ ಲಕ್ವ ಮಾತ್ರೆಯಷ್ಟೇ ಪಡೆದವರಲ್ಲಿ ಶೇ. 26, ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 9. ಅದು ಸ್ಟ್ಯಾಟಿನ್ ಮಾತ್ರೆಗಳು ವ್ಯಾಪಕ ಬಳಕೆಗೆ ಬರುವ ಮುಂಚಿನ ಕಾಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಇಂದಿನ ಅಂತರ ಅಷ್ಟಿರಲಾರದು. ನನಗೆ ಇದಕ್ಕಿಂತ ಮುಖ್ಯವೆನಿಸುವುದು 2004ರಲ್ಲಿ ಪೀಟರ್ ರಾಥ್‌ವೆಲ್ ಮತ್ತು ಸಂಗಡಿಗರು ನ್ಯಾಸೆಟ್ ಹಾಗೂ ಯುರೋಪಿನ ಪ್ರಯೋಗದ ಒಟ್ಟು 5893 ರೋಗಿಗಳ ದಾಖಲೆ ಕೂಡಿಸಿ ಮಾಡಿದ ಲೆಕ್ಕ. ಕೊನೆಯ ಲಕ್ಷಣವಾಗಿ ಎರಡು ವಾರದೊಳಗೆ ಪ್ರಯೋಗಕ್ಕೆ ಸೇರಿದವರಲ್ಲಿ ಐದು ಜನರಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ಐದು ವರ್ಷದಲ್ಲಿ ಒಂದು ಲಕ್ವ ತಪ್ಪುತ್ತದೆ. ಹನ್ನೆರಡು ವಾರ ದಾಟಿದ ಮೇಲೆ ಬಂದವರಲ್ಲಿ ಅದೇ ಒಂದು ಲಕ್ವ ತಪ್ಪಿಸಲು 125 ಜನರನ್ನು ಕೊಯ್ಯಬೇಕು. ಕಾಯಿಲೆ ಅದೇ, ಶಸ್ತ್ರಚಿಕಿತ್ಸೆಯೂ ಅದೇ. ಬೇರೆಯಾದದ್ದು ತಾರೀಖು.

ಶೇಕಡಾವಾರಿನ ಬಗ್ಗೆ ಒಂದು ಎಚ್ಚರಿಕೆ. ಅಮೆರಿಕದ ಲೆಕ್ಕದಲ್ಲಿ ಶೇ. 70 ಎಂದರೆ ಯುರೋಪಿನ ಹಳೆಯ ಲೆಕ್ಕದಲ್ಲಿ ಸುಮಾರು 82. ಅಳೆಯುವಾಗ ಹೋಲಿಸುವ ಜಾಗ ಬೇರೆ. ಕತ್ತಿನ ಅಲ್ಟ್ರಾಸೌಂಡ್ ಡಾಪ್ಲರ್ ವರದಿಯಲ್ಲಿ ಬರೀ 'ಶೇ. 70' ಎಂದಿದ್ದರೆ ಅದು ಅರ್ಧ ವರದಿ. ರಕ್ತದ ಗರಿಷ್ಠ ವೇಗವನ್ನೂ ಬರೆದಿರಬೇಕು. ಸೆಕೆಂಡಿಗೆ 230 ಸೆಂಟಿಮೀಟರು ದಾಟಿದ್ದರೆ ಕಿರಿದಾಗಿರುವುದು ಶೇ. 70ಕ್ಕೂ ಹೆಚ್ಚು ಎಂದು ಹಿಡಿಯುವುದು ರೂಢಿ. ಅಂದಹಾಗೆ ಇದಕ್ಕೆ ವಿಶೇಷ ಯಂತ್ರವೇನೂ ಬೇಡ. ಬಸುರಿಯರ ಸ್ಕ್ಯಾನಿಂಗಿಗೆಂದು ತಾಲ್ಲೂಕು ಊರುಗಳಲ್ಲಿ ನೋಂದಣಿಯಾಗಿರುವ ಅಲ್ಟ್ರಾಸೌಂಡ್ ಯಂತ್ರಕ್ಕೆ ಡಾಪ್ಲರ್ ಸೌಲಭ್ಯ, ಬೇರೆ ಪ್ರೋಬು ಮತ್ತು ಕತ್ತು ನೋಡಿ ಪಳಗಿದ ಕೈ ಇದ್ದರೆ ಸಾಕು. ಕೊರತೆಯಿರುವುದು ಮೂರನೆಯದಕ್ಕೆ.

ಈಗ ಎರಡನೆಯ ಪ್ರಶ್ನೆ. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಈಸ್ಟ್‌ಕಾಟ್, ಪಿಕರಿಂಗ್ ಮತ್ತು ರಾಬ್ 1954ರಲ್ಲಿ ಮತ್ತೆ ಮತ್ತೆ ಇಂಥ ತಾತ್ಕಾಲಿಕ ಲಕ್ವ ಬರುತ್ತಿದ್ದ ಒಬ್ಬ ಮಹಿಳೆಯ ಕತ್ತಿನ ಧಮನಿಯ ಕೆಟ್ಟ ಭಾಗ ತೆಗೆದು ಮರುಜೋಡಣೆ ಮಾಡಿದ ವರದಿಯಿಂದ ಈ ಶಸ್ತ್ರಚಿಕಿತ್ಸೆ ಲೋಕಕ್ಕೆ ಪರಿಚಯವಾಯಿತು. ಹ್ಯೂಸ್ಟನ್ನಿನಲ್ಲಿ ಮೈಕೆಲ್ ಡಿಬೇಕಿ 1953ರಲ್ಲೇ ಜಿಡ್ಡು ಕೊರೆದು ತೆಗೆದಿದ್ದರೂ ಅದನ್ನು ಪ್ರಕಟಿಸಿದ್ದು 1975ರಲ್ಲಿ. ಇವತ್ತು ನಡೆಯುವ ಎಂಡಾರ್ಟರೆಕ್ಟಮಿಯ ಕ್ರಮ ಹೀಗೆ: ಕತ್ತಿನ ಓರೆ ಸ್ನಾಯುವಿನ ಮುಂದಂಚಿಗೆ ಉದ್ದಕ್ಕೆ ಕೊಯ್ದು, ಧಮನಿಗೆ ಮೇಲೆ ಕೆಳಗೆ ಹಿಡಿಕೆ ಹಾಕಿ, ಉದ್ದುದ್ದ ಸೀಳಿ, ಒಳಪದರದ ಜೊತೆಗೆ ಜಿಡ್ಡನ್ನು ಬಿಡಿಸುತ್ತಾರೆ. ಸರಿಯಾಗಿ ಬಿಡಿಸಿದರೆ ಅದು ಕವಲಿನ ಆಕಾರದಲ್ಲೇ, ಹಳದಿ ತುಂಡಾಗಿ, ಇಡಿಯಾಗಿ ಹೊರಬರುತ್ತದೆ. ನಂತರ ಸೀಳಿಗೆ ತೇಪೆ ಹಾಕಿ ಹೊಲಿಗೆ. ಕೆಲವೆಡೆ ಇದನ್ನು ಕತ್ತಿಗಷ್ಟೇ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ರೋಗಿ ಎಚ್ಚರವಿರುವಾಗಲೇ ಮಾಡುತ್ತಾರೆ. ಎದುರು ಬದಿಯ ಕೈಗೆ ಒತ್ತಿದರೆ ಕೀಂಯ್ ಎನ್ನುವ ಮಕ್ಕಳ ರಬ್ಬರ್ ಆಟಿಕೆ ಕೊಟ್ಟಿರುತ್ತಾರೆ. ಹಿಡಿಕೆ ಹಾಕಿದ ಮೇಲೆ 'ಒತ್ತಿ' ಎಂದಾಗ ಸದ್ದು ಬರದಿದ್ದರೆ ಮೆದುಳಿಗೆ ರಕ್ತ ಸಾಲುತ್ತಿಲ್ಲವೆಂದು ತಿಳಿದು ತಕ್ಷಣ ಪ್ಲಾಸ್ಟಿಕ್ ಕೊಳವೆಯ ಅಡ್ಡದಾರಿ ಹಾಕುತ್ತಾರೆ. ಪೂರ್ಣ ಅರಿವಳಿಕೆಗೂ ಇದಕ್ಕೂ ಫಲಿತಾಂಶದಲ್ಲಿ ವ್ಯತ್ಯಾಸವಿಲ್ಲವೆಂದು 2008ರ ಗಾಲಾ ಪ್ರಯೋಗ ಹೇಳಿತು. ಆಟಿಕೆಯ ಸದ್ದಿಗೆ ಕಿವಿಗೊಟ್ಟು ಕೆಲಸ ಮಾಡುವ ಶಸ್ತ್ರವೈದ್ಯರು ಅದನ್ನು ಬಿಟ್ಟಿಲ್ಲ.

ಸ್ಟೆಂಟ್‌ನಲ್ಲಿ ಕತ್ತಿಗೆ ಕತ್ತರಿ ಇಲ್ಲ. ತೊಡೆಸಂದಿನ ಧಮನಿಯಿಂದ ತಂತಿ ಏರಿಸಿ, ಜಿಡ್ಡಿನ ಮೇಲ್ಗಡೆ ಸಣ್ಣ ಜಾಲರಿ ಬಿಚ್ಚಿ, ಹಾರುವ ಚೂರುಗಳನ್ನು ಹಿಡಿಯುವ ವ್ಯವಸ್ಥೆ ಮಾಡಿಕೊಂಡು, ತಾನೇ ಅರಳುವ ಸ್ಟೆಂಟನ್ನು ಕೂರಿಸಿ ಬಲೂನಿನಿಂದ ಒತ್ತುತ್ತಾರೆ. ಬಲೂನು ಉಬ್ಬುವ ಕ್ಷಣದಲ್ಲಿ ನಾಡಿ ಸರ್ರನೆ ಇಳಿಯುವುದುಂಟು, ಆಟ್ರೋಪಿನ್ ಸಿದ್ಧವಿರಬೇಕು. ಆಮೇಲೆ ಕೆಲವು ವಾರ ರಕ್ತ ತೆಳುಮಾಡುವ ಎರಡು ಮಾತ್ರೆ ತಪ್ಪದೆ ನುಂಗಬೇಕು.

ಎರಡನ್ನೂ ಹೋಲಿಸಿದ, 2502 ರೋಗಿಗಳ ಕ್ರೆಸ್ಟ್ ಪ್ರಯೋಗ 2010ರಲ್ಲಿ ಕೊಟ್ಟ ಉತ್ತರ ಸಮಸಮ ಎಂಬಂತೆ ಕಂಡರೂ ಒಳಗೆ ಹಾಗಿಲ್ಲ. ಚಿಕಿತ್ಸೆಯ ಆಸುಪಾಸಿನ ದಿನಗಳಲ್ಲಿ ಲಕ್ವ ಸ್ಟೆಂಟ್‌ನವರಲ್ಲಿ ಶೇ. 4.1, ಶಸ್ತ್ರಚಿಕಿತ್ಸೆಯವರಲ್ಲಿ 2.3. ಹೃದಯಾಘಾತ ತಿರುವುಮುರುವು: 1.1 ಮತ್ತು 2.3. ವಯಸ್ಸು ಎಪ್ಪತ್ತು ದಾಟಿದಷ್ಟೂ ಶಸ್ತ್ರಚಿಕಿತ್ಸೆ ಮೇಲಾಗುತ್ತದೆ. ಇನ್ನೂ ಮುಖ್ಯವಾದದ್ದು, ಹಲವು ಪ್ರಯೋಗಗಳ ದತ್ತಾಂಶ ಕೂಡಿಸಿದಾಗ ಲಕ್ಷಣ ಕಂಡ ಮೊದಲ ವಾರದಲ್ಲಿ ಸ್ಟೆಂಟ್ ಹಾಕಿದರೆ ಅಪಾಯ ಶಸ್ತ್ರಚಿಕಿತ್ಸೆಗಿಂತ ಸ್ಪಷ್ಟವಾಗಿ ಹೆಚ್ಚು. ಜಿಡ್ಡು ಆಗಿನ್ನೂ ಹಸಿಯಾಗಿರುತ್ತದೆ, ತಂತಿ ತಾಕಿದರೆ ಉದುರುತ್ತದೆ. ಎಂದರೆ ಬೇಗ ಮಾಡಿದರೆ ಮಾತ್ರ ಲಾಭ, ಬೇಗ ಮಾಡುವುದಾದರೆ ಕತ್ತರಿ ಲೇಸು. ಕಲ್ಯಾಣ ಕರ್ನಾಟಕದಲ್ಲಿ ತೊಡಕು ಬರುವುದು ಇಲ್ಲೇ. ಹೃದಯದ ಚಿಕಿತ್ಸೆ ಬೆಳೆದಂತೆ, ಸ್ಟೆಂಟ್ ಹಾಕುವ ಕ್ಯಾಥ್ ಲ್ಯಾಬ್‌ಗಳು ಹತ್ತಿರವಾಗಿವೆ. ಕಲಬುರಗಿಯ ಜಯದೇವ ಸಂಸ್ಥೆಗೆ 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಗಳ ಹೊಸ ಕಟ್ಟಡವೇ ಬಂದಿದೆ. ಕತ್ತಿನ ಧಮನಿ ಬಿಡಿಸುವುದನ್ನೇ ನಿತ್ಯದ ಕೆಲಸವಾಗಿ ಮಾಡುವ ರಕ್ತನಾಳ ಶಸ್ತ್ರವೈದ್ಯರು ಹೆಚ್ಚಾಗಿ ಬೆಂಗಳೂರು, ಹೈದರಾಬಾದಿನಂಥ ದೊಡ್ಡ ನಗರಗಳಲ್ಲಿದ್ದಾರೆ. ಹೀಗಾಗಿ ಪುರಾವೆ ಒಂದನ್ನು ಹೇಳಿದರೆ ದಾರಿ ಇನ್ನೊಂದನ್ನು ಹೇಳುತ್ತದೆ. ನನ್ನ ಅಭಿಪ್ರಾಯದಲ್ಲಿ ಪಳಗಿದ ಕೈಯ ಸ್ಟೆಂಟ್ ಹತ್ತನೆಯ ದಿನಕ್ಕೆ ಸಿಗುವುದಾದರೆ, ಮೂರು ತಿಂಗಳ ನಂತರದ ಅತ್ಯುತ್ತಮ ಶಸ್ತ್ರಚಿಕಿತ್ಸೆಗಿಂತ ಅದೇ ವಾಸಿ.

ಲಕ್ಷಣವೇ ಇಲ್ಲದೆ ಧಮನಿ ಕಿರಿದಾಗಿರುವವರದು ಬೇರೆಯದೇ ಕತೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ಕ್ರೆಸ್ಟ್-2 ಇವರ ಬಗ್ಗೆ. ರಕ್ತದೊತ್ತಡ, ಕೊಲೆಸ್ಟ್ರಾಲ್ ಎರಡನ್ನೂ ಬಿಗಿಯಾಗಿ ಹಿಡಿದಿಟ್ಟು, ಅದರ ಮೇಲೆ ಸ್ಟೆಂಟನ್ನೂ ಹಾಕಿದವರಲ್ಲಿ ನಾಲ್ಕು ವರ್ಷದ ಅನಾಹುತ ಶೇ. 2.8, ಮಾತ್ರೆಯಲ್ಲೇ ಉಳಿದವರಲ್ಲಿ 6.0. ಜೊತೆಗೇ ನಡೆದ ಶಸ್ತ್ರಚಿಕಿತ್ಸೆಯ ಪ್ರಯೋಗದಲ್ಲಿ 3.7 ಮತ್ತು 5.3, ಈ ಅಂತರ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಸ್ಟೆಂಟ್ ಗೆದ್ದಿತೆಂದು ಸಾರುವವರು ಎರಡು ಮಾತು ಸೇರಿಸಿ ಹೇಳಬೇಕು. ಅಲ್ಲಿ ಸ್ಟೆಂಟ್ ಹಾಕಿದವರು ಸೋಸಿ ಆರಿಸಿದ ವೈದ್ಯರು. ಒಂದು ಅನಾಹುತ ತಪ್ಪಿಸಲು ಮೂವತ್ತಕ್ಕೂ ಹೆಚ್ಚು ಜನರಿಗೆ ಸ್ಟೆಂಟ್ ಹಾಕಬೇಕಾಯಿತು.

ಇದು ನಮ್ಮ ಸೀಮೆಗೆ ಏಕೆ ಮುಖ್ಯವೆಂದರೆ, ಇಲ್ಲಿ ದೊಡ್ಡಾಸ್ಪತ್ರೆ ಹಳ್ಳಿಗೆ ಬರುವುದು ಶಿಬಿರದ ರೂಪದಲ್ಲಿ. ಬಡ ಕುಟುಂಬಗಳ ದೊಡ್ಡ ಚಿಕಿತ್ಸೆಗೆಂದು ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಬಂದದ್ದು ಗುಲ್ಬರ್ಗಾ ವಿಭಾಗಕ್ಕೆ. ಯಾದಗಿರಿ ಜಿಲ್ಲೆಯಾಗಿ ಆಗಿನ್ನೂ ಕೆಲವೇ ವಾರ. ಯೋಜನೆ ಇದ್ದ, ಇಲ್ಲದ ಗಡಿಯ 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಬಡ ಕುಟುಂಬಗಳಲ್ಲಿ ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದಾದ ಸಾವು, ಯೋಜನೆ ಇದ್ದ ಕಡೆ ಶೇ. 0.32, ಇಲ್ಲದ ಕಡೆ 0.90. ಹಳ್ಳಿಗಳಲ್ಲಿ ನಡೆಸಿದ ಶಿಬಿರಗಳು ಈ ಯೋಜನೆಯ ಭಾಗವೇ ಆಗಿದ್ದವು. ಹೃದಯ, ಕ್ಯಾನ್ಸರ್‌ಗಳಿಗೆ ಶಿಬಿರ ಒಳ್ಳೆಯ ಉಪಾಯ. ಕೆರೋಟಿಡ್‌ಗೆ ಅದು ತಿರುಗುಬಾಣವಾಗಬಹುದು. ಶಿಬಿರ ತನ್ನ ತಾರೀಖಿಗೆ ಬರುತ್ತದೆ, ರೋಗಿಯ ಹದಿನಾಲ್ಕು ದಿನದೊಳಗೆ ಬರುವುದಿಲ್ಲ. ಸಾಲಾಗಿ ಕೂರಿಸಿ ಎಲ್ಲರ ಕತ್ತಿಗೂ ಡಾಪ್ಲರ್ ಹಿಡಿದರೆ ಸಿಗುವವರು ಲಕ್ಷಣವಿಲ್ಲದವರು, ಲಾಭ ಅತಿ ಕಡಿಮೆ ಇರುವವರು. ಲಕ್ಷಣವಿಲ್ಲದ ಸಾಮಾನ್ಯ ಜನರಲ್ಲಿ ಈ ತಪಾಸಣೆ ಬೇಡವೆಂದು ಅಮೆರಿಕದ ತಪಾಸಣಾ ಕಾರ್ಯಪಡೆ 2021ರಲ್ಲೂ ಮತ್ತೆ ಹೇಳಿದೆ. ಬಿಪಿ ನೋಡುವುದು, ತಂಬಾಕು ಬಿಡಿಸುವುದು ಶಿಬಿರದ ಕೆಲಸ.

ಇನ್ನೊಂದು ಮಿತಿ. ಕಿರಿದಾದ ಜಾಗ ಕತ್ತಿನಲ್ಲಿರದೆ ತಲೆಬುರುಡೆಯ ಒಳಗಿರುವುದು ಭಾರತೀಯರಲ್ಲಿ ಸಾಮಾನ್ಯ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ ದಾಖಲೆಗಳು ಇದನ್ನು ಬಹಳ ಹಿಂದೆಯೇ ತೋರಿಸಿದವು. ಅಲ್ಲಿಗೆ ಕತ್ತರಿ ಮುಟ್ಟುವುದಿಲ್ಲ. ಸ್ಟೆಂಟ್ ಹಾಕಿದರೆ ಏನಾಗುತ್ತದೆಂದು 2011ರ ಸ್ಯಾಂಪ್ರಿಸ್ ಪ್ರಯೋಗ ತೋರಿಸಿತು: ಮೂವತ್ತು ದಿನದೊಳಗೆ ಲಕ್ವ ಅಥವಾ ಸಾವು ಸ್ಟೆಂಟ್‌ನವರಲ್ಲಿ ಶೇ. 14.7, ಮಾತ್ರೆಯವರಲ್ಲಿ 5.8.

ಕೊಡೇಕಲ್‌ನಿಂದ ಹುಣಸಗಿ, ಸುರಪುರ, ಶಹಾಪುರ ದಾಟಿ ಕಲಬುರಗಿಗೆ ಬಸ್ಸಿನಲ್ಲಿ ಒಂದು ದಿನದ ಕೆಲಸ. ಹದಿನಾಲ್ಕು ದಿನ ಕರಗುವುದು ಆ ದಾರಿಯಲ್ಲಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು, ಮತ್ತು ನಡೆದಾಡಿಕೊಂಡು ಬಂದ ರೋಗಿ ಯಾರ ಕಣ್ಣಿಗೂ ತುರ್ತಾಗಿ ಕಾಣುವುದಿಲ್ಲ. ಪತ್ರದಲ್ಲಿ 'ಸುಸ್ತು, ತಲೆಸುತ್ತು' ಎಂದಿದ್ದರೆ ಮುಂದಿನ ಆಸ್ಪತ್ರೆಯಲ್ಲೂ ಅವನು ಸಾಲಿನ ಕೊನೆಗೇ. ಲಕ್ಷಣ ಮೊದಲು ಕಂಡ ತಾರೀಖು, ಎಷ್ಟು ನಿಮಿಷ ಇತ್ತು, ಯಾವ ಕೈ, ಯಾವ ಕಣ್ಣು, ಇಷ್ಟನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಯಲ್ಲೇ ಬರೆಯಬಹುದು. ಮೆದುಳಿನ ನರಗಳು ಅಡ್ಡ ಹಾಯುವುದರಿಂದ ಬಲಗೈ ಸೋತರೆ ದೋಷ ಎಡ ಧಮನಿಯದು; ಕಣ್ಣಿಗೆ ಈ ಅಡ್ಡ ಹಾಯುವಿಕೆ ಇಲ್ಲ, ಎಡ ಧಮನಿ ಕೆಟ್ಟರೆ ಮಂಜಾಗುವುದು ಎಡಗಣ್ಣೇ. 'ಬಲಗೈ, ಎಡಗಣ್ಣು, ಕಳೆದ ಮಂಗಳವಾರ' ಎಂದಿರುವ ಚೀಟಿಯನ್ನು ಓದಿದ ಯಾವ ರಕ್ತನಾಳ ವೈದ್ಯರೂ ಆ ರೋಗಿಯನ್ನು ಮುಂದಿನ ತಿಂಗಳು ಬಾ ಎನ್ನಲಾರರು.