ಹೊಗೆ ಬಿಟ್ಟ ಮೇಲೆ ಬರುವ ಸೀನು

ಬೀಡಿ ಸಿಗರೇಟುಗಳನ್ನು ಬಿಟ್ಟವರಲ್ಲಿ ಕೆಲವರು ಹೇಳುವ ಮಾತೊಂದುಂಟು. “ಸೇದುತ್ತಿದ್ದಾಗ ನನಗೆ ಏನೂ ಆಗುತ್ತಿರಲಿಲ್ಲ. ಬಿಟ್ಟ ಹದಿನೈದು ದಿನಕ್ಕೆ ಕೆಮ್ಮು ಹತ್ತಿತು, ಮೂಗು ಸೋರತೊಡಗಿತು, ಬೆಳಿಗ್ಗೆ ಎದ್ದರೆ ಸೀನಿನ ಮೇಲೆ ಸೀನು.” ಮಾತು ಇಲ್ಲಿಗೇ ನಿಲ್ಲುವುದಿಲ್ಲ. ಆ ಹೊಗೆಯೇ ತನ್ನನ್ನು ಕಾಪಾಡುತ್ತಿತ್ತೇನೋ ಎಂಬ ಅನುಮಾನ ಬೆನ್ನಿಗೇ ಬರುತ್ತದೆ. ಅನುಮಾನದ ಬೆನ್ನಿಗೆ ಬೆಂಕಿಪೆಟ್ಟಿಗೆ ಬರುತ್ತದೆ. ಬಿಡಬೇಕೆಂದು ಪಟ್ಟ ಕಷ್ಟವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ. ಹೊಗೆ ಉಸಿರಿಗೆ ಹಿತವೆಂಬ ಈ ಭಾವನೆ ಅಜ್ಞರದು ಮಾತ್ರವೆಂದು ಯಾರೂ ತಿಳಿಯಬೇಕಾಗಿಲ್ಲ. ದೊಡ್ಡ ದೊಡ್ಡ ವೈದ್ಯರೇ ಒಂದು ಕಾಲಕ್ಕೆ ಹಾಗೆ ನಂಬಿದ್ದರು. ಆ ನಂಬಿಕೆ ಹುಟ್ಟಿದ್ದು ಹೇಗೆ, ಅಳಿದದ್ದು ಹೇಗೆ ಎಂಬುದೇ ಒಂದು ಸ್ವಾರಸ್ಯವಾದ ಚರಿತ್ರೆ.

ಧೂಮಪಾನವೆಂಬ ಮಾತು ನಮ್ಮ ದೇಶದಲ್ಲಿ ಹೊಗೆಸೊಪ್ಪಿಗಿಂತ ಬಹಳ ಹಳೆಯದು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಅದರ ವಿಧಾನವನ್ನೇ ಹೇಳಿದೆ. ಏಲಕ್ಕಿ, ಚಂದನ, ಲಾವಂಚ ಮೊದಲಾದ ದ್ರವ್ಯಗಳನ್ನು ಅರೆದು, ಒಂದು ಕಡ್ಡಿಗೆ ಮೆತ್ತಿ, ಒಣಗಿದ ಮೇಲೆ ಕಡ್ಡಿಯನ್ನು ಎಳೆದು ಬತ್ತಿ ಮಾಡಿಕೊಳ್ಳಬೇಕು; ಅದಕ್ಕೆ ತುಪ್ಪ ಸವರಿ, ಹೊತ್ತಿಸಿ, ನಳಿಕೆಯ ಮೂಲಕ ಸೇದಬೇಕು. ತಲೆ, ಮೂಗು, ಗಂಟಲುಗಳ ಕಫದೋಷಕ್ಕೆ ಇದು ಮದ್ದು. ಆದರೆ ಹೊತ್ತು ಗೊತ್ತಿಲ್ಲದೆ, ಮಿತಿಮೀರಿ ಸೇದಿದರೆ ಕಿವುಡು, ಕುರುಡು, ರಕ್ತಸ್ರಾವ, ತಲೆಸುತ್ತು ಬರುವುವೆಂದೂ ಅಲ್ಲಿಯೇ ಎಚ್ಚರಿಸಿದೆ. ಹೊಗೆಯನ್ನು ಮದ್ದೆಂದು ಕಂಡವರೇ ಅದಕ್ಕೊಂದು ಅಂಕೆಯನ್ನೂ ಹಾಕಿದ್ದರು. ಹೊಗೆಸೊಪ್ಪು ಬಂದಾಗ ಹಳೆಯ ಹೆಸರು ಉಳಿಯಿತು, ಅಂಕೆ ಉಳಿಯಲಿಲ್ಲ.

ಹೊಗೆಸೊಪ್ಪು ಅಮೆರಿಕದ ಗಿಡ. ಪೋರ್ಚುಗೀಸರು ಅದನ್ನು ನಮ್ಮ ಪಶ್ಚಿಮ ತೀರಕ್ಕೆ ತಂದರು. ಅದು ಮೊಗಲರ ಆಸ್ಥಾನವನ್ನು ಮುಟ್ಟಿದ್ದು ನಮ್ಮ ಬಿಜಾಪುರದ ಮೂಲಕ. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ತರುವ ಸಂಬಂಧದಲ್ಲಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಎಂಬ ಅಧಿಕಾರಿ ಅಲ್ಲಿ ಈ ಸೊಪ್ಪನ್ನು ಕಂಡು ಬೆರಗಾದ. ಸುಮಾರು 1604-05ರಲ್ಲಿ ಹಿಂದಿರುಗುವಾಗ ರತ್ನಖಚಿತವಾದ ಕೊಳವೆಯೊಂದರ ಜೊತೆಗೆ ಅದನ್ನು ಬಾದಶಹನಿಗೆ ಕಾಣಿಕೆಯಾಗಿ ಒಯ್ದ. ಇದೊಂದು ಔಷಧಿಯೆಂದು ಸಭೆಯಲ್ಲಿ ಪರಿಚಯಿಸಲಾಯಿತು. ಅಕ್ಬರ್ ಕುತೂಹಲದಿಂದ ಸ್ವಲ್ಪ ಸೇದಿದ. ಅಷ್ಟರಲ್ಲಿ ಆಸ್ಥಾನದ ಹಕೀಮ ತಡೆದ. ನಮ್ಮ ಗ್ರಂಥಗಳಲ್ಲಿ ಇದರ ಉಲ್ಲೇಖವಿಲ್ಲ, ಪರೀಕ್ಷಿಸದ ವಸ್ತುವನ್ನು ಪ್ರಭುಗಳು ಬಳಸಕೂಡದು ಎಂಬುದು ಆತನ ವಾದ. ಅಕ್ಬರ್ ಮುಂದೆ ಅದನ್ನು ರೂಢಿಸಿಕೊಳ್ಳಲಿಲ್ಲ. ಆದರೆ ಸರದಾರರು ಬಿಡಲಿಲ್ಲ, ವರ್ತಕರು ಸುಮ್ಮನಿರಲಿಲ್ಲ. 1617ರಲ್ಲಿ ಜಹಾಂಗೀರ್ ನಿಷೇಧಾಜ್ಞೆ ಹೊರಡಿಸಿದರೂ ಹೊಗೆ ಹರಡುತ್ತಲೇ ಹೋಯಿತು. ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸ್ 1604ರಲ್ಲಿ ಹೊಗೆಸೊಪ್ಪಿನ ವಿರುದ್ಧ ಪುಸ್ತಕವನ್ನೇ ಬರೆದಿದ್ದ. ಅಲ್ಲಿಯೂ ಇದೇ ಕಥೆ.

ಇನ್ನು ಉಬ್ಬಸದ ಸಂಗತಿಗೆ ಬರೋಣ. ದಕ್ಷಿಣ ಭಾರತದಲ್ಲಿ ಗೂರಲಿಗೆ ದತ್ತೂರಿ ಗಿಡದ ಬೇರು ಕಾಂಡಗಳನ್ನು ಒಣಗಿಸಿ ಹೊಗೆ ಸೇದುವ ಪದ್ಧತಿಯಿತ್ತು. ಮದರಾಸಿನಲ್ಲಿ ಕಂಪನಿಯ ಪ್ರಧಾನ ವೈದ್ಯರಾಗಿದ್ದ ಡಾಕ್ಟರ್ ಜೇಮ್ಸ್ ಆಂಡರ್ಸನ್ ಇದನ್ನು ಜನರಲ್ ಜೆಂಟ್ ಎಂಬ ಸೇನಾಧಿಕಾರಿಗೆ ಸೂಚಿಸಿದರು. ಆತ 1802ರಲ್ಲಿ ಆ ಗಿಡವನ್ನು ಬ್ರಿಟನ್ನಿಗೆ ಒಯ್ದು ಎಡಿನ್‌ಬರೋದ ವೈದ್ಯರ ಕೈಗಿತ್ತ. ಅದೇ ಜಾತಿಯ ಬೇರೊಂದು ಗಿಡ ಅಲ್ಲಿಯೇ ಸಿಗುತ್ತಿದ್ದುದರಿಂದ ಚಿಕಿತ್ಸೆ ಬಹುಬೇಗ ಹಬ್ಬಿತು. ಆ ಶತಮಾನ ಮುಗಿಯುವ ಹೊತ್ತಿಗೆ ಯೂರೋಪು ಅಮೆರಿಕಗಳ ಔಷಧದಂಗಡಿಗಳಲ್ಲಿ ‘ಉಬ್ಬಸದ ಸಿಗರೇಟು’ಗಳು ಮಾರಾಟಕ್ಕಿದ್ದವು. ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ಬಾಲ್ಯದಿಂದ ಉಬ್ಬಸದಿಂದ ನರಳಿದವನು; ಎಸ್ಪಿಕ್ ಎಂಬ ಹೆಸರಿನ ಅಂಥ ಸಿಗರೇಟುಗಳನ್ನು ಆತ ಸೇದುತ್ತಿದ್ದ.

ಈ ಹೊಗೆಯಿಂದ ಉಪಶಮನವಾಗುತ್ತಿದ್ದದ್ದು ಸುಳ್ಳಲ್ಲ. ದತ್ತೂರಿಯಲ್ಲಿ ಆಟ್ರೊಪೀನ್ ಮೊದಲಾದ ದ್ರವ್ಯಗಳಿವೆ. ಬಿಗಿದುಕೊಂಡ ಶ್ವಾಸನಾಳಗಳನ್ನು ಅವು ಸಡಿಲಿಸುತ್ತವೆ. ಉಸಿರಿನ ಮೂಲಕ ಸೇದುವ ಇಪ್ರಾಟ್ರೋಪಿಯಂ ಎಂಬ ಇಂದಿನ ಔಷಧಿಯೂ ಅದೇ ವಂಶದ್ದು. ಆದರೆ ದತ್ತೂರಿ ಭಯಂಕರ ವಿಷವೂ ಹೌದು. ಪ್ರಮಾಣ ಸ್ವಲ್ಪ ಹೆಚ್ಚಾದರೆ ಬುದ್ಧಿಭ್ರಮಣೆ, ಪ್ರಾಣಾಪಾಯ. ಮನೆಯಲ್ಲಿ ಪ್ರಯೋಗಿಸುವ ವಸ್ತು ಅದಲ್ಲ. ನಮ್ಮ ಪ್ರಸ್ತುತಕ್ಕೆ ಮುಖ್ಯವಾದದ್ದು ಇಷ್ಟು: ದತ್ತೂರಿಯ ಹೊಗೆ ಗಳಿಸಿದ ಕೀರ್ತಿಯಲ್ಲಿ ಹೊಗೆಸೊಪ್ಪಿನ ಹೊಗೆಗೂ ಪಾಲು ಸಿಕ್ಕಿತು. ಲಂಡನ್ನಿನ ಡಾಕ್ಟರ್ ಹೆನ್ರಿ ಹೈಡ್ ಸಾಲ್ಟರ್ 1860ರಲ್ಲಿ ಉಬ್ಬಸದ ಮೇಲೆ ಪ್ರಸಿದ್ಧ ಗ್ರಂಥವನ್ನು ಬರೆದರು. ಅವರಿಗೇ ಆ ರೋಗವಿತ್ತು. ಬೆಕ್ಕಿನ ಸಾಮೀಪ್ಯದಿಂದ ಉಬ್ಬಸ ಕೆರಳುವುದನ್ನು ಗುರುತಿಸುವಷ್ಟು ಸೂಕ್ಷ್ಮದೃಷ್ಟಿ ಅವರದು. ಅಂಥವರೂ ಅಭ್ಯಾಸವಿಲ್ಲದವನು ಓಕರಿಕೆ ಬರುವಷ್ಟು ತಂಬಾಕು ಸೇದಿದರೆ ಉಬ್ಬಸ ಇಳಿಯುತ್ತದೆಂದು ಬರೆದರು.

ಇತ್ತ ಸೀನಿನ ಮೂಲವನ್ನು ಹುಡುಕುವವರು ಬೇರೊಂದು ದಾರಿಯಲ್ಲಿ ನಡೆದಿದ್ದರು. 1819ರಲ್ಲಿ ಜಾನ್ ಬೋಸ್ಟಾಕ್ ಎಂಬ ವೈದ್ಯರು ಲಂಡನ್ನಿನ ವೈದ್ಯಸಂಘದ ಮುಂದೆ ಒಂದು ಲೇಖನವನ್ನು ಓದಿದರು. ಪ್ರತಿ ಬೇಸಗೆಯಲ್ಲಿಯೂ ಕಣ್ಣುರಿ, ಸೀನು, ಎದೆಬಿಗಿತಗಳಿಂದ ನರಳುವ ರೋಗಿಯೊಬ್ಬನ ವೃತ್ತಾಂತ ಅದು. ರೋಗಿ ಬೇರೆ ಯಾರೂ ಅಲ್ಲ, ಸ್ವತಃ ಬೋಸ್ಟಾಕರೇ. ಕಾರಣ ಬಿಸಿಲಿನ ತಾಪವೆಂದು ಅವರು ಎಣಿಸಿದ್ದರು. ಅದು ಬಿಸಿಲಲ್ಲ, ಹುಲ್ಲಿನ ಹೂವಿನ ಪರಾಗವೆಂದು ತೋರಿಸಿಕೊಟ್ಟವರು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಅವರು ತಮ್ಮ ಚರ್ಮವನ್ನೇ ಗೀರಿ ಪರಾಗವನ್ನು ಹಚ್ಚಿ ನೋಡಿದರು. ಗಾಳಿಪಟಗಳನ್ನು ಸಾವಿರ ಅಡಿಗೂ ಮೇಲಕ್ಕೆ ಹಾರಿಸಿ ಅಲ್ಲಿಯ ಗಾಳಿಯಲ್ಲಿರುವ ಪರಾಗವನ್ನು ಹಿಡಿದರು. 1873ರಲ್ಲಿ ಅವರ ಗ್ರಂಥ ಪ್ರಕಟವಾಯಿತು. 1906ರಲ್ಲಿ ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ‘ಅಲರ್ಜಿ’ ಎಂಬ ಪದವನ್ನು ಟಂಕಿಸಿದರು. ಇತರರಿಗೆ ನಿರುಪದ್ರವಿಯಾದ ವಸ್ತುವನ್ನು ಒಬ್ಬನ ಶರೀರ ಶತ್ರುವೆಂದು ಎಣಿಸುವ ಈ ಒಗ್ಗದಿಕೆಯ ಹಿಂದೆ ಐಜಿಇ ಎಂಬ ರಕ್ತದ ದ್ರವ್ಯವಿದೆಯೆಂದು 1966-67ರಲ್ಲಿ ಅಮೆರಿಕದಲ್ಲಿದ್ದ ಜಪಾನಿನ ಇಶಿಜಾಕ ದಂಪತಿಗಳೂ ಸ್ವೀಡನ್ನಿನ ವಿಜ್ಞಾನಿಗಳೂ ಬೇರೆ ಬೇರೆಯಾಗಿ ಕಂಡುಹಿಡಿದರು. ಮನೆಯ ಧೂಳಿನಲ್ಲಿ ವಾಸಿಸುವ, ಕಣ್ಣಿಗೆ ಕಾಣದ ನುಸಿಯೂ ಇಂಥ ಒಗ್ಗದಿಕೆಗೆ ಕಾರಣವೆಂದು 1964ರಲ್ಲಿ ಹಾಲೆಂಡಿನಲ್ಲಿ ಗೊತ್ತಾಯಿತು.

ಅದೇ ಕಾಲದಲ್ಲಿ ಹೊಗೆಸೊಪ್ಪಿನ ಮುಖವಾಡವೂ ಕಳಚಿತು. 1950ರಲ್ಲಿ ಅಮೆರಿಕದ ವಿಂಡರ್ ಮತ್ತು ಗ್ರಹಾಂ, ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. ತಮ್ಮ ಕೈಗೆ ಬಂದ ಅಂಕಿಗಳನ್ನು ಕಂಡು ಡಾಲ್ ತಾವೇ ಸಿಗರೇಟು ಬಿಟ್ಟರು. 1962ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್, 1964ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿಗಳನ್ನು ಹೊರಡಿಸಿದ ಮೇಲೆ ಲಕ್ಷಾಂತರ ಜನ ಬಿಡತೊಡಗಿದರು. ಹೀಗೆ ಬಿಟ್ಟವರ ಮೂಗು ಗಂಟಲುಗಳ ಸಣ್ಣ ತೊಂದರೆಗಳು ದೊಡ್ಡ ರೋಗಗಳ ನೆರಳಿನಲ್ಲಿ ಬಹುಕಾಲ ಮರೆಯಾಗಿದ್ದವು. 2003ರಲ್ಲಿ ಲಂಡನ್ನಿನ ಸಂಶೋಧಕರು ಇದನ್ನೇ ವಿಚಾರಿಸಿ ನೋಡಿದರು. ಬಿಟ್ಟ ಮೊದಲ ಕೆಲವು ವಾರಗಳಲ್ಲಿ ಗಂಟಲುನೋವು, ಕೆಮ್ಮು, ಸೀನು ಮೊದಲಾದ ನೆಗಡಿಯ ಲಕ್ಷಣಗಳೂ ಬಾಯಿಹುಣ್ಣೂ ಹೆಚ್ಚುವುದು ನಿಜವೆಂದು ಕಂಡುಬಂದಿತು. ಅಂದಮೇಲೆ ದೂರುವವರು ಸುಳ್ಳು ಹೇಳುತ್ತಿಲ್ಲ. ತಪ್ಪಿರುವುದು ಅವರು ಅದಕ್ಕೆ ಕೊಟ್ಟುಕೊಳ್ಳುವ ಅರ್ಥದಲ್ಲಿ.

ನಮ್ಮ ಶ್ವಾಸನಾಳಗಳ ಒಳಗೋಡೆಯ ಮೇಲೆ ಅತಿಸೂಕ್ಷ್ಮವಾದ ರೋಮಗಳ ಹಾಸು ಇದೆ. ಗಾಳಿಗೆ ಪೈರು ತೊನೆಯುವಂತೆ ಅವು ಒಂದೇ ಸಮನೆ ಬಾಗಿ ಏಳುತ್ತ, ಧೂಳು ಕಫಗಳನ್ನು ಗಂಟಲಿನ ಕಡೆಗೆ ಸಾಗಿಸುತ್ತವೆ. ಹೊಗೆ ಇವುಗಳನ್ನು ಜಡಗೊಳಿಸುತ್ತದೆ; ಕಸ ಒಳಗೇ ಉಳಿಯುತ್ತದೆ. ಹೊಗೆ ನಿಂತಾಗ ರೋಮಗಳು ಮತ್ತೆ ಕೆಲಸ ಹಿಡಿಯುತ್ತವೆ. ಬಹುದಿನ ಮುಚ್ಚಿದ್ದ ಮನೆಯನ್ನು ಗುಡಿಸಹೊರಟರೆ ಧೂಳೇಳುವುದಿಲ್ಲವೆ? ಬಿಟ್ಟವನ ಕೆಮ್ಮು ಬಹುಪಾಲು ಆ ಗುಡಿಸಾಟದ್ದು. ಎರಡನೆಯದಾಗಿ, ಹೊಗೆಯಿಂದ ಮಂದವಾಗಿದ್ದ ಘ್ರಾಣಶಕ್ತಿ ಹಿಂದಿರುಗುತ್ತದೆ. ನಿನ್ನೆಯವರೆಗೆ ಗಮನಕ್ಕೇ ಬಾರದಿದ್ದ ಊದುಬತ್ತಿಯ ಹೊಗೆ, ಒಗ್ಗರಣೆಯ ಘಾಟು ಇಂದು ಮೂಗಿಗೆ ತಾಕುತ್ತದೆ. ಇದು ಅಲರ್ಜಿಯಲ್ಲ, ಎಚ್ಚೆತ್ತ ಮೂಗು.

ಹಾಗಾದರೆ ನಿಜವಾದ ಅಲರ್ಜಿಯನ್ನು ಹೊಗೆ ಅದುಮಿಟ್ಟಿತ್ತೆ? ನಿಕೋಟಿನ್ ಶರೀರದ ರಕ್ಷಣಾವ್ಯವಸ್ಥೆಯ ಕೆಲವು ಕ್ರಿಯೆಗಳನ್ನು ಮಂದಗೊಳಿಸುವುದು ಹೌದು. ಆದರೆ ಸೇದುವವರ ರಕ್ತದಲ್ಲಿ ಮೇಲೆ ಹೇಳಿದ ಐಜಿಇ ಸರಾಸರಿಯಲ್ಲಿ ಸೇದದವರಿಗಿಂತ ಹೆಚ್ಚಾಗಿಯೇ ಇರುತ್ತದೆ. ಹೊಗೆ ಕಾವಲುಗಾರನಾಗಿದ್ದರೆ ಹೀಗಾಗುತ್ತಿರಲಿಲ್ಲ. 2006ರಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋದಿಂದ ಬಂದ ವರದಿಯೊಂದು ಇನ್ನೂ ಸ್ಪಷ್ಟವಾಗಿದೆ. ಉಬ್ಬಸವಿದ್ದೂ ಸೇದುತ್ತಿದ್ದವರಲ್ಲಿ ಕೆಲವರು ಬಿಟ್ಟರು, ಕೆಲವರು ಮುಂದುವರಿಸಿದರು. ಆರೇ ವಾರಗಳಲ್ಲಿ, ಬಿಟ್ಟವರು ಒಂದು ಸೆಕೆಂಡಿನಲ್ಲಿ ಬಲವಾಗಿ ಹೊರಬಿಡಬಲ್ಲ ಗಾಳಿ ಮುಂದುವರಿಸಿದವರಿಗಿಂತ ಸುಮಾರು 400 ಮಿಲಿಲೀಟರಿನಷ್ಟು ಸುಧಾರಿಸಿತ್ತು. ಪರೀಕ್ಷೆಗೆ ಒಳಗಾದವರು ಕೆಲವೇ ಮಂದಿ. ಆದರೂ ತಕ್ಕಡಿ ಯಾವ ಕಡೆಗೆ ವಾಲುತ್ತದೆಂಬುದರಲ್ಲಿ ಸಂದೇಹವಿಲ್ಲ.

ಇನ್ನೊಂದು ಮಾತು. ಬಿಟ್ಟ ಮೇಲೆ ಬಂದದ್ದೆಲ್ಲ ಬಿಟ್ಟದ್ದರಿಂದಲೇ ಬಂದದ್ದಲ್ಲ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದಂತೆ, ಋತುವಿನ ಸೀನು ಅದೇ ವೇಳೆಗೆ ಬಂದಿರಬಹುದು. 1950ರ ದಶಕದಲ್ಲಿ ಹೊರದೇಶದ ಗೋದಿಯೊಡನೆ ನಮ್ಮ ದೇಶಕ್ಕೆ ಬಂದಿತೆಂದು ಹೇಳುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಬೆಂಗಳೂರು ಮೊದಲ್ಗೊಂಡು ನಾಡಿನ ಖಾಲಿ ನಿವೇಶನಗಳಲ್ಲೆಲ್ಲ ಬೆಳೆದು ನಿಂತಿದೆ. ಅದರ ಪರಾಗದಿಂದ ಮೂಗು ಸೋರುವವರು ಬೀಡಿಯನ್ನೇ ಮುಟ್ಟದವರಲ್ಲಿಯೂ ಬೇಕಾದಷ್ಟು ಮಂದಿ ಇದ್ದಾರೆ. ಹಳೆಯ ಹಾಸಿಗೆ ದಿಂಬುಗಳ ನುಸಿಗೂ ಯಾರು ಸೇದುವವರು, ಯಾರು ಬಿಟ್ಟವರು ಎಂಬ ಭೇದವಿಲ್ಲ.

ಆದ್ದರಿಂದ ಬಿಟ್ಟವರು ಮಾಡಬೇಕಾದದ್ದು ಇಷ್ಟೇ. ಮೊದಲ ಕೆಲವು ವಾರಗಳ ಕೆಮ್ಮು ಸೀನುಗಳಿಗೆ ಹೆದರಬೇಕಾಗಿಲ್ಲ. ಬಿಸಿನೀರು, ಹಬೆ, ತಾಳ್ಮೆಗಳು ಸಾಕು. ತಿಂಗಳು ಕಳೆದರೂ ಬಿಡದಿದ್ದರೆ, ಉಸಿರಿನಲ್ಲಿ ಸುಯ್ಗುಡುವ ಸದ್ದು ಬಂದರೆ, ಜ್ವರ ಬಂದರೆ, ಮೈ ಇಳಿದರೆ, ಕಫದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಪರಾಗವೋ ಧೂಳೋ ಕಾರಣವೆಂದು ಗೊತ್ತಾದರೆ ಅದಕ್ಕೆ ಇಂದು ಒಳ್ಳೆಯ ಚಿಕಿತ್ಸೆಗಳಿವೆ. ಬೆಂಕಿಪೆಟ್ಟಿಗೆ ಅವುಗಳಲ್ಲಿ ಒಂದಲ್ಲ. ಅಕ್ಬರನ ಹಕೀಮನಿಗೆ ಪರಾಗವೂ ಗೊತ್ತಿರಲಿಲ್ಲ, ನಿಕೋಟಿನ್ನೂ ಗೊತ್ತಿರಲಿಲ್ಲ. ಆದರೂ ಪರೀಕ್ಷಿಸದೆ ಮದ್ದೆಂದು ನಂಬಬೇಡಿ ಎಂದ. ನಾಲ್ಕು ಶತಮಾನಗಳಲ್ಲಿ ಪರೀಕ್ಷೆ ಮುಗಿದಿದೆ. ಅದರ ಫಲಿತಾಂಶ ಹಕೀಮನ ಪರವಾಗಿದೆ.